ಎರಡು ಕಪ್ಪು ಎಲೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಾಂಬೊರಿಲ್ ಎಂಬ ಊರಿನ ಚುಟ್ಟಾ ಕಾರ್ಖಾನೆಯ ಹಿಂದಿನ ಕೋಣೆಯಲ್ಲಿ ಉಬಾಲ್ದಿನಾ ಪೊಲಾಂಕೊ ಹುದುಗುತ್ತ ತಾನೇ ಬಿಸಿಯೇರುವ ಸೊಂಟದೆತ್ತರದ ಹೊಗೆಸೊಪ್ಪಿನ ರಾಶಿಯೊಳಗೆ ಮೊಳಕೈವರೆಗೆ ಕೈ ತೂರಿಸಿ ನಿಂತಿದ್ದಾರೆ, ಜ್ವರದ ಮಗುವಿನ ಹಣೆ ಮುಟ್ಟಿ ನೋಡುವವರ ಹಾಗೆ. "ಇವತ್ತು ಮಗುಚೋದು ಬೇಡ, ಇನ್ನೂ ಬೇಯ್ಲಿ" ಎಂದು ಕೈ ಹೊರಗೆಳೆದು ಕಾಫಿ ಬಟ್ಟಲು ಎತ್ತಿಕೊಳ್ಳುತ್ತಾರೆ. ರಾಶಿಯ ಘಾಟಿಗೆ, ಅವರ ಬಗ್ಗೆ ಬರೆಯಲು ಬಂದ ನನ್ನ ಕಣ್ಣಲ್ಲಿ ನೀರು. "ಅಳ್ಬೇಡಪ್ಪಾ, ಇವತ್ತು ಯಾರೂ ಸತ್ತಿಲ್ಲ!"

ಈ ರಾಶಿಯಿಂದ ಬರುವುದೇ 'ಒಂಬತ್ತು ರಾತ್ರಿ' ಎಂಬ ಕಪ್ಪು ಚುಟ್ಟಾ. ಕಪ್ಪು ಎಲೆ ಸುತ್ತಿದ ಚುಟ್ಟಾ ಎಂದರೆ ಹಡಗು ಹತ್ತಿ ಹೋಗುವ ದುಬಾರಿ ಮಾಲು. ಇದು ಮಾತ್ರ ಮೂಲೆಯಂಗಡಿಯಲ್ಲಿ ಒಂದು ಬಿಯರ್‌ಗಿಂತ ಅಗ್ಗಕ್ಕೆ ಸಿಗುತ್ತದೆ. ಅಂಗಡಿ ಮುಂದೆ ಕೂತು ಡೊಮಿನೊ ಆಟದ ಬಿಲ್ಲೆ ಬಡಿಯುವವರ ಬಾಯಲ್ಲೆಲ್ಲ ಇದೇ. ಅದನ್ನು ಕಪ್ಪು ಮಾಡಿದ ಕೈ ಯಾವುದೆಂದು ಯಾರೂ ಕೇಳಿಲ್ಲ. ಪತ್ರಿಕೆಗಳಲ್ಲಿ ಬರುವ ಚಿತ್ರ ಮಾಲೀಕ ಆನ್ಸೆಲ್ಮೊ ಅವರದು.

ಉಬಾಲ್ದಿನಾ ಹೊಗೆಸೊಪ್ಪು ಬೆಳೆಯುವವರ ಮಗಳು. ನಡೆಯಲು ಕಲಿತ ಮೇಲೆ ಕಲಿತದ್ದೇ ಒಣಹಾಕಲು ಎಲೆ ಪೋಣಿಸುವುದನ್ನು. ಈ ಕಾರ್ಖಾನೆಗೆ ಬಂದು, ಇಲ್ಲೇ ಚುಟ್ಟಾ ಸುತ್ತುತ್ತಿದ್ದ ಸಿಪ್ರಿಯಾನ್ ಅವರನ್ನು ಮದುವೆಯಾದರು. ಸಂಜೆ ಮನೆಗೆ ಹೊರಟಾಗ ಸುತ್ತುವವರಿಗೆ ಪುಕ್ಕಟೆ ಚುಟ್ಟಾ ಕೊಡುವುದು ಇಲ್ಲಿಯ ಪದ್ಧತಿ. ಆದರೆ ಆಗ ಕೊಡುತ್ತಿದ್ದದ್ದು ಬಿಳಿಚಿದ ಎಲೆಯದು. ಹಡಗಿಗೆ ಹೋಗುವ ಕಪ್ಪು ಎಲೆ ಹಿಂದಿನ ಕೋಣೆಯಲ್ಲಿ ಬೀಗದೊಳಗೆ ಇರುತ್ತಿತ್ತು, ಬೀಗದ ಕೈ ಆ ಕೋಣೆ ನೋಡಿಕೊಳ್ಳುತ್ತಿದ್ದ ಉಬಾಲ್ದಿನಾ ಅವರ ಕುತ್ತಿಗೆಯಲ್ಲಿ.

"'ಎರಡೇ ಎರಡು ಎಲೆ ಕೊಡೇ. ನಾನು ಸುತ್ತಿದ್ದನ್ನ ಸಾಯೋದ್ರೊಳಗೆ ಒಂದ್ಸಲ ನಾನೇ ಸೇದ್ತೀನಿ' ಅಂತ ನಮ್ಮನೆಯವ್ರು ಕೇಳಿದ್ರು. 'ಬೀಗದ ಕೈ ನನ್ನ ಕುತ್ತಿಗೇಲಿದೆ, ನನ್ನ ಮಾನಾನೂ ಅಲ್ಲೇ ಇದೆ, ಸುಮ್ನಿರಿ' ಅಂದ್ಬಿಟ್ಟೆ. ಆಮೇಲೆ ಕೇಳ್ಲೇ ಇಲ್ಲ. ಹಠಮಾರಿ ಮನುಷ್ಯ. ನಾನು ಅವ್ರಿಗಿಂತ ಹಠಮಾರಿ."

ಒಂದು ಮಳೆಗಾಲದಲ್ಲಿ ಸಿಪ್ರಿಯಾನ್ ಸುತ್ತುವ ಮೇಜಿನ ಮೇಲೇ ಕುಸಿದು ತೀರಿಕೊಂಡರು. ಇಲ್ಲಿ ಸಾವಾದ ಮನೆಯಲ್ಲಿ ಒಂಬತ್ತು ರಾತ್ರಿ ಪ್ರಾರ್ಥನೆ; ಅದು ಮುಗಿಯುವ ತನಕ ಹೆಂಡತಿ ಹೊಸಿಲು ದಾಟುವುದಿಲ್ಲ. ಬೀಗದ ಕೈ ಕುತ್ತಿಗೆಯಲ್ಲೇ ಇತ್ತು. ಅವರಿಗೆ ನೆನಪಾಗಲಿಲ್ಲ, ಆ ಮನೆಗೆ ಹೋಗಿ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಬೀಗ ಹಾಕಿದ ಕೋಣೆಯೊಳಗೆ ವಾರಗಳಿಂದ ಬೇಯುತ್ತಿದ್ದ ಅಗ್ಗದ ಎಲೆಯ ರಾಶಿ ಮಗುಚುವವರಿಲ್ಲದೆ ಕಾದು, ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿತ್ತು.

"ಸುಟ್ಟೋಯ್ತು, ಗೊಬ್ಬರಕ್ಕೆ ಹಾಕ್ಸಿ" ಎಂದರಂತೆ ಆನ್ಸೆಲ್ಮೊ. ಉಬಾಲ್ದಿನಾ ಒಂದು ಎಲೆ ಎಳೆದು ನೋಡಿದರು. ಹರಿಯಲಿಲ್ಲ. ಸುತ್ತಿ, ಹಚ್ಚಿ ನೋಡಿದರೆ ಸಿಹಿ. ಅಂದಿನಿಂದ ಪ್ರತಿ ರಾಶಿಯನ್ನೂ ಬೇಕೆಂದೇ ಹಾಗೆ ಕಾಯಲು ಬಿಡುತ್ತಾರೆ.

"ಅವ್ರು ಕೇಳಿದ್ದು ಎರಡು ಎಲೆ. ಸತ್ತು ಒಂದು ರಾಶಿ ಕೊಟ್ಟು ಹೋದ್ರು."

ಈಗ ಹೊರದೇಶದವರಿಗೂ ಇದರ ರುಚಿ ಹತ್ತಿದೆ. ಪೆಟ್ಟಿಗೆ ಬದಲಿಸಿ, ಬೆಲೆ ಮೂರು ಪಟ್ಟು ಮಾಡಿ, ಅಷ್ಟನ್ನೂ ಹಡಗಿಗೆ ಹಾಕುವ ಮಾತು ಕಳೆದ ತಿಂಗಳು ಬಂದಿತ್ತು. ಉಬಾಲ್ದಿನಾ ಕುತ್ತಿಗೆಯಿಂದ ಬೀಗದ ಕೈ ಬಿಚ್ಚಿ ಮಾಲೀಕರ ಮೇಜಿನ ಮೇಲಿಟ್ಟರು. "ಬೆಲೆ ಏರ್ಸಿ ದೋನ್ ಆನ್ಸೆಲ್ಮೊ. ಕಪ್ಪು ಮಾಡೋರನ್ನ ಬೇರೆ ಹುಡುಕ್ಕೊಳ್ಳಿ." ಆನ್ಸೆಲ್ಮೊ ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೆಯ ದಿನ ತಾವೇ ಬಂದು ಬೀಗದ ಕೈ ಹಿಂದಿರುಗಿಸಿದರು. ಬೆಲೆ ಏರಲಿಲ್ಲ. ಸುತ್ತುವವರ ಸಂಜೆಯ ಪಾಲು ಕೂಡ ಈಗ ಕಪ್ಪು ಎಲೆಯದೇ.

ನೀವು ಗೆದ್ದಿರಲ್ಲ ಎಂದೆ. ಅವರು ನಗಲಿಲ್ಲ. "ಈ ಬೀಗದ ಕೈ ಬಿಚ್ಚೋಕೆ ಬರುತ್ತೆ ಅಂತ ಗೊತ್ತಾಯ್ತಲ್ಲಪ್ಪಾ ಈಗ. ಆವತ್ತು ಅವ್ರು ಕೇಳ್ದಾಗ ಯಾಕೆ ಬರ್ಲಿಲ್ಲ?"

ಸಂಜೆ ಬಾಗಿಲಲ್ಲಿ ನಿಂತು ಅವರೇ ಚುಟ್ಟಾ ಹಂಚುತ್ತಾರೆ. ಸುತ್ತುವ ನೂರಿಸ್ ತನ್ನ ಪಾಲು ಜೇಬಿಗಿಳಿಸಿ ಮತ್ತೆ ಕೈ ಚಾಚುತ್ತಾಳೆ. "ಇನ್ನೊಂದು ಕೊಡಿ ದೋನ್ಯಾ ಉಬಾಲ್ದಿನಾ, ಮನೇಲಿ ನನ್ನ ಗಂಡ ಕೇಳ್ತಾನೆ. ಸೋಮಾರಿ, ಕೇಳೋದೊಂದು ಗೊತ್ತು ಅವ್ನಿಗೆ."

ಎಲ್ಲರೂ ನಗುತ್ತಾರೆ. ಉಬಾಲ್ದಿನಾ ತಮ್ಮ ಪಾಲಿನದನ್ನು ತೆಗೆದು ಅವಳ ಅಂಗೈಯಲ್ಲಿಡುತ್ತಾರೆ.

"ತಗೊಂಡ್ಹೋಗು. ಕೇಳೋ ಬಾಯಿ ಇರೋವಾಗ್ಲೇ ಕೊಟ್ಬಿಡ್ಬೇಕು."