ತಮ್ಮದೇ ಕ್ಯಾಸೆಟ್ಟಿಗೆ ತಪ್ಪು ಹಿಡಿದ ನಮ್ಮತ್ತೆ

ಗೆಳೆಯರೇ, ಇವತ್ತು ರೋಣದಿಂದ ಯಾವಗಲ್‌ಗೆ ಹೋಗುವ ಟಂಟಂ ಆಟೋದಲ್ಲಿ ನಮ್ಮತ್ತೆ ಡ್ರೈವರನ ಜೊತೆ ವಾದಕ್ಕೆ ಬಿದ್ದರು.

ಅವನು ಹಳೆಯ ತತ್ವಪದ ಹಚ್ಚಿದ್ದ. ಮೂವತ್ತು ವರ್ಷಗಳ ಹಿಂದೆ ನಮ್ಮ ಕಡೆಯ ಚಹಾದಂಗಡಿಗಳಲ್ಲೆಲ್ಲ ಕೇಳುತ್ತಿದ್ದ ಕ್ಯಾಸೆಟ್ಟಿನದು. ಹಾಡಿದವರು ಗಜೇಂದ್ರಗಡದಲ್ಲಿ ಸೀರೆ ನೇಯುವ ನಮ್ಮತ್ತೆಯೇ. ಅದು ಅವರ ಮೊದಲ ಕ್ಯಾಸೆಟ್. ಮನೆಯಲ್ಲಿ ಒಂದೂ ಉಳಿದಿಲ್ಲ, ನಾನು ಕೇಳಿದ್ದು ಇವತ್ತೇ. ಹಿಗ್ಗಿನಿಂದ ಅವರ ಕೈ ಹಿಡಿದುಕೊಂಡೆ. ಅವರು ಮಾತ್ರ ಬೇರೆ ಯಾರೋ ಹಾಡಿದಂತೆ ಮುಖ ಕಿವುಚಿ, "ಇಲ್ಲಿ ಅವಸರ ಮಾಡ್ಯಾಳ, ಉಸಿರ ಸಾಲಿಲ್ಲ" ಎಂದರು.

ಡ್ರೈವರನಿಗೆ ಸಿಟ್ಟು ಬಂತು. "ಯವ್ವಾ, ಈ ಅಕ್ಕಾರ ಹಾಡಿಗೆ ಹೆಸರಿಡಬ್ಯಾಡ್ರಿ. ಸಣ್ಣಾಂವ ಇದ್ದಾಗಿಂದ ಕೇಳೇನಿ."

"ತಪ್ಪಂದ್ರ ತಪ್ಪೋ ತಮ್ಮಾ!"

ನನಗೆ ತಡೆಯಲಾಗಲಿಲ್ಲ. "ಹಾಡಿದವ್ರು ಇವರ ಅದಾರ್ರಿ" ಎಂದೆ. ಅವನು ನಂಬಲಿಲ್ಲ. ಗಾಡಿ ಬದಿಗೆ ನಿಲ್ಲಿಸಿ, ಹಾಡು ಬಂದ್ ಮಾಡಿ, "ಹಂಗಾದ್ರ ಹಾಡ್ರಿ, ನೋಡೂಣು" ಎಂದ.

ಅತ್ತೆ ಸೆರಗು ಸರಿಮಾಡಿಕೊಂಡು ಅದೇ ಸಾಲನ್ನು ನಿಧಾನವಾಗಿ, ಎಲ್ಲಿಯೂ ಉಸಿರು ತಪ್ಪದೆ ಹಾಡಿದರು. ಗಾಡಿಯಲ್ಲಿದ್ದವರೆಲ್ಲ ಅವರತ್ತ ಬಾಗಿ ಕೇಳಿದರು. ನನ್ನ ಕಣ್ಣು ತುಂಬಿತು.

ಡ್ರೈವರ ಕೈ ಮುಗಿದ. "ದನಿ ನಿಮ್ದ ಖರೇ ರೀ. ಆದ್ರ ನನಗ ಹಳೇದ ಚಲೋ ಅನ್ನಸ್ತೇತಿ."

"ಅವಾಗ ಮೈಕ್ ಕಂಡು ಅಂಜಿದ್ನೆಪಾ. ಈಗ ಅಂಜಿಕಿಲ್ಲ" ಎಂದರು ಅತ್ತೆ.

ನಾನು ಸೊಸೆಯಾಗಿ ಬಂದ ಹತ್ತು ವರ್ಷಗಳಿಂದ ಇವರು ನನ್ನ ರೊಟ್ಟಿಯಲ್ಲಿ ಮಾತ್ರ ತಪ್ಪು ಹುಡುಕುತ್ತಾರೆ ಎಂದುಕೊಂಡಿದ್ದೆ. ತಮ್ಮನ್ನೂ ಬಿಡುವುದಿಲ್ಲ ಎಂದು ಇವತ್ತು ಗೊತ್ತಾಯಿತು.