ಲೋಬಾನದ ಹೊಗೆಯೊಳಗಿನವರು

ಕೊಡತಿ ಬೀಸಿದ ರಭಸಕ್ಕೆ ಅಲ್ಮಾಸಬಿಯ ಮುಂಗೈ ಎಲುಬು ಲಟ್ಟನೆ ಮುರಿಯಿತು. ಹೊಡೆದವನು ಅವಳ ಗಂಡ ಕರೀಮಸಾಬ. ಲಕ್ಷ್ಮೇಶ್ವರದಲ್ಲಿ ಪ್ರಾಯದಿಂದಲೂ ಹತ್ತಿ ಹಿಂಜಿ ಗಾದಿ ತುಂಬಿದವನು. ಹಿಂಜುವ ಬಿಲ್ಲಿಗೆ ಬಿಗಿದ ನರದ ಹುರಿಗೆ ಹೊಡೆಯುವ ಆ ಕೊಡತಿಯನ್ನು ಮನುಷ್ಯರ ಮೇಲೆ ಎಂದೂ ಎತ್ತಿದವನಲ್ಲ.

ಗದಗ ಹೊಸ ಜಿಲ್ಲೆಯಾದ ವರ್ಷ ಅವನ ಕೈ ನಡುಗತೊಡಗಿತು. ಬಳಿಕ ಮನೆಯೊಳಗೆ ಯಾರ್ಯಾರೋ ಬಂದರು, ಅವನೊಬ್ಬನ ಕಣ್ಣಿಗೆ. ಗೂಟಕ್ಕೆ ತೂಗಿದ ಅಂಗಿ ಒಬ್ಬ ಕುಳ್ಳನಾಯಿತು, ಹತ್ತಿಯ ಗುಡ್ಡೆಯಿಂದ ನಾಯಿಗಳು ಎದ್ದವು.

"ಬಂದವ್ರಿಗೆ ಚಾ ಮಾಡ," ಎನ್ನುತ್ತಿದ್ದ.

"ನಿಮ್ಮ ಬೀಗರು ಭಾಳ ನಾಚ್ತಾರ್ರಿ, ನನಗ ಮುಖಾನೇ ತೋರ್ಸವಲ್ರು," ಎಂದು ಅಲ್ಮಾಸಬಿ ನಗುತ್ತಿದ್ದಳು.

ಆ ನಗು ಬಹಳ ದಿನ ಉಳಿಯಲಿಲ್ಲ. ಗಾಳಿ ಸೋಂಕಿದೆ ಎಂದರು ಓಣಿಯವರು. ಅದನ್ನು ಓಡಿಸಲೆಂದು ಪ್ರತಿ ಗುರುವಾರ ಸಂಜೆ ಮಗ ಮೊಹಸಿನ ಕಿಟಕಿ ಮುಚ್ಚಿ, ದೀಪ ಆರಿಸಿ, ಕೆಂಡದ ಮೇಲೆ ಲೋಬಾನದ ಧೂಪ ಸುರಿಯತೊಡಗಿದ. ಹೊಗೆ ದಟ್ಟವಾದಷ್ಟೂ ಮಂದಿ ಹೆಚ್ಚಿದರು. ಅವರ ಕೈಗೆ ಕುಡಗೋಲುಗಳು ಬಂದವು. ಕರೀಮಸಾಬ ಗೋಡೆಗೆ ಹೊಡೆದ, ಗಡಿಗೆಗೆ ಹೊಡೆದ, ಮಗನ ಬೆನ್ನಿಗೆ ಹೊಡೆದ. ರಕ್ತ ಒರೆಸಿಕೊಂಡ ಮಗ ಮುಂದಿನ ವಾರ ಇನ್ನಷ್ಟು ಲೋಬಾನ ಹಾಕಿದ. ಅಂದೇ ಅಲ್ಮಾಸಬಿಯ ಕೈ ಮುರಿದದ್ದು.

ಮೊಹಸಿನ ಅಪ್ಪನನ್ನು ನೆಲಕ್ಕೆ ಕೆಡವಿ, ಬಿಲ್ಲಿನ ನರದಿಂದಲೇ ಕಂಬಕ್ಕೆ ಬಿಗಿದ. ನರ ಮಣಿಕಟ್ಟಿನ ಚರ್ಮ ಸೀಳಿತು.

"ಬಿಚ್ಚಿದ್ರ ನಿನ್ನ ಹೆಣಾ ಬೀಳ್ತೈತಿ, ಅವ್ವಾ!"

ಮರುದಿನ ಗದಗದ ಡಾಕ್ಟರು ಅವಳ ಕೈಗೆ ಪಟ್ಟಿ ಹಾಕುತ್ತ ಎಲ್ಲ ಕೇಳಿಸಿಕೊಂಡರು.

"ನಡುಕದ ಬ್ಯಾನಿ ಜೋಡಿ ಹಿಂಗ ಆಗೋದೈತಿ, ಅಮ್ಮಾ. ಗಾಳಿ ಗೀಳಿ ಅಲ್ಲ. ಕಣ್ಣು ಕಂಡದ್ದನ್ನ ಮಿದುಳು ತಪ್ಪು ತಿಳಕೊಳ್ತೈತಿ. ಕತ್ತಲಿ, ಹೊಗಿ ಇದ್ರಂತೂ ಇಲ್ಲದವ್ರನ್ನೂ ಹುಟ್ಟಸ್ತೈತಿ. ಮೊದಲ ಬೆಳಕು ಮಾಡ್ರಿ. ಆಮ್ಯಾಲ ಕರಕೊಂಡ ಬರ್ರಿ, ನೋಡ್ತೀನಿ."

ಮನೆಗೆ ಬಂದವಳೇ ಕಿಟಕಿಗಳನ್ನು ತೆರೆದಳು. ಮೊಹಸಿನ ಮತ್ತೆ ಹಚ್ಚಿಟ್ಟಿದ್ದ ಲೋಬಾನದ ಬಟ್ಟಲನ್ನು ಅಂಗಳಕ್ಕೆ ಎಸೆದಳು. ಇನ್ನೂ ಕಂಬದಲ್ಲೇ ಇದ್ದ ಗಂಡನ ಮುಂದೆ ಕುಳಿತು ಒಂದೇ ಕೈಯಿಂದ, ಹಲ್ಲಿನಿಂದ, ಗಂಟು ಬಿಚ್ಚತೊಡಗಿದಳು. ಮಗ ರಟ್ಟೆ ಹಿಡಿದೆಳೆದ. ಅವಳು ಅವನ ಕೆನ್ನೆಗೆ ಬಾರಿಸಿದಳು. ಅವನು ಬಾಗಿಲಿಗೆ ಸರಿದ.

"ಮತ್ತ ಹೊಡದ್ರ?"

"ಹೊಡೀಲಿ. ಅಂವಾ ನನ್ನ ಹೊಡ್ಯಾಕತ್ತಿಲ್ಲ ಅಂತ ಈಗರ ಗೊತ್ತಾತಲ್ಲ."

ಕೈ ಬಿಡುಗಡೆಯಾದೊಡನೆ ಕರೀಮಸಾಬನ ಮುಷ್ಟಿ ಮೇಲೆದ್ದಿತು. ಅವಳ ತಲೆಯ ಹಿಂದೆ ದಿಟ್ಟಿಸಿದ. ಅವಳು ಕದಲಲಿಲ್ಲ.

"ಎಷ್ಟ ಮಂದಿ ಅದಾರ್ರಿ?"

ಬಿಸಿಲಿಗೆ ಅವನು ಕಣ್ಣು ಕಿರಿದು ಮಾಡಿದ. ಬಹಳ ಹೊತ್ತು ನೋಡಿದ.

"ಒಬ್ಬನೇ. ಬಾಗಲದಾಗ. ಕೆನ್ನಿ ಹಿಡಕೊಂಡ ನಿಂತಾನ."

ಮುಷ್ಟಿ ಸಡಿಲಾಗಿ ಅವಳ ಮಡಿಲಿಗೆ ಬಿತ್ತು. ಬಾಗಿಲಲ್ಲಿದ್ದ ಮೊಹಸಿನ ಕೆನ್ನೆಯಿಂದ ಕೈ ತೆಗೆದ.