ಇಬ್ಬರಿಗೂ ಬಂದ ಬಲಪ್ರಸಾದ

ಹಾರವಾಡದ ಗೋದಾವರಿ ಮೀನಿನ ಬುಟ್ಟಿ ಹೊತ್ತು ನಮ್ಮ ಅಂಗಳಕ್ಕೆ ಬಂದಳೆಂದರೆ, ಒಲೆಯ ಮೇಲೆ ಹಾಲು ಉಕ್ಕುತ್ತಿರಲಿ, ಶಾಲೆಗೆ ಹೊತ್ತಾಗಿರಲಿ, ನಾನು ಹೋಗಿ ಕೈ ಕೊಡಲೇಬೇಕು. ತುಂಬಿದ ಬುಟ್ಟಿಯನ್ನು ಹೊತ್ತವರೊಬ್ಬರೇ ಇಳಿಸಿಕೊಳ್ಳಲು ಆಗುವುದಿಲ್ಲ. ಎದುರಿಗೆ ನಿಂತು ಇನ್ನೊಬ್ಬರು ಹಿಡಿಯಬೇಕು, ಇಬ್ಬರೂ ಒಟ್ಟಿಗೆ ಬಗ್ಗಬೇಕು. ಹಾಗೆ ಕೈ ಕೊಟ್ಟವರಿಗೆ ಮೊದಲ ಆಯ್ಕೆ ಎಂಬುದು ಅವಳೇ ಮಾಡಿದ ಕಾನೂನು. ಅಂಕೋಲೆಯ ನಮ್ಮ ಕೇರಿಯಲ್ಲಿ ಆ ಹಕ್ಕನ್ನು ನಾನು ಬಹಳ ವರ್ಷಗಳಿಂದ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಸೀರೆಗೆ ಮೀನಿನ ನೀರು ಬಿದ್ದರೂ ಚಿಂತೆಯಿಲ್ಲ, ದೊಡ್ಡ ನೊಗಲಿ ಮೀನುಗಳು ಪಕ್ಕದ ಮನೆಯ ಪಾಲಾಗಬಾರದು.

ಬುಟ್ಟಿ ಇಳಿಸಿದ ಮೇಲೆ ಇನ್ನೊಂದು ಕಾಟ. ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಬಲೆಯ ದಾರದಿಂದ ಬಿಗಿದಿರುತ್ತಿತ್ತು. ಬಿಗಿಯುವವನು ಅವಳ ಗಂಡ ಬೊಮ್ಮಯ್ಯ. ಪುಟ್ಟ ಪಾತಿದೋಣಿಯಲ್ಲಿ ಒಬ್ಬನೇ ಸಮುದ್ರಕ್ಕೆ ಹೋಗಿಬರುವ ಮನುಷ್ಯ. ಮಾತು ಕಡಿಮೆ, ಗಂಟು ಗಟ್ಟಿ. ಅವನು ಹಾಕಿದ ಗಂಟನ್ನು ಉಗುರಿನಿಂದ ಕೆದಕಿ, ಹಲ್ಲಿನಿಂದ ಕಚ್ಚಿ, ನಡುನಡುವೆ ಅವನಿಗೆ ಮಂಗಳಾರತಿ ಮಾಡಿ ಗೋದಾವರಿ ಬಿಚ್ಚುವಷ್ಟರಲ್ಲಿ ನಮ್ಮ ಶಾಲೆಯಲ್ಲಿ ಪ್ರಾರ್ಥನೆ ಶುರುವಾಗಿರುತ್ತಿತ್ತು. ಮಕ್ಕಳು ಸಾಲಾಗಿ ನಿಂತಿರುವಾಗ ಪಾಠ ಹೇಳುವ ಅಕ್ಕೋರು ಚೀಲ ಬೀಸುತ್ತ ಓಡಿಬರುವುದು ಚೆಂದವಲ್ಲ. ಒಂದು ಸುಲಭದ ಗಂಟು ಹಾಕಲು ಹೇಳಬಾರದೇನೆ ಎಂದು ನಾನು ರೇಗಿದರೆ, ಹೇಳಿದರೆ ಕೇಳುವ ಜಾತಿಯಲ್ಲ ಅದು, ನಾಳೆ ಕತ್ತಿ ತಂದು ಕೊಯ್ದೇ ಹಾಕುತ್ತೇನೆ ಎನ್ನುತ್ತಿದ್ದಳು. ಆ ನಾಳೆ ಬರಲೇ ಇಲ್ಲ.

ಎರಡು ಸಾವಿರದ ಆರನೇ ಇಸವಿಯ ಮಳೆಗಾಲದಲ್ಲಿ ಅವಳ ಕುತ್ತಿಗೆ ಕೈಕೊಟ್ಟಿತು. ಬಲಗೈಗೆ ಜೋಮು ಹಿಡಿಯುತ್ತಿತ್ತು, ಬೆಳಿಗ್ಗೆ ಎದ್ದರೆ ತಲೆ ತಿರುಗಿಸಲು ಆಗುತ್ತಿರಲಿಲ್ಲ. ನಾನೇ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಕುತ್ತಿಗೆಯ ಎಲುಬು ಸವೆದಿದೆ, ಇನ್ನು ಹೊರೆ ಹೊರಬಾರದು ಎಂದರು. ಇವಳು ಹೂಂ ಎಂದು ತಲೆಯಾಡಿಸಲು ಹೋಗಿ ಅಯ್ಯೋ ಎಂದಳು. ಆದರೂ ಹೊಳೆಮೀನಿನ ಅರ್ಧ ಬುಟ್ಟಿ ಹೊತ್ತು ಬರುವುದನ್ನು ಬಿಡಲಿಲ್ಲ.

ಅದೇ ಹೊತ್ತಿಗೆ ಅವಳ ತಮ್ಮ ದೇವಿದಾಸ ಒಂದು ಸುದ್ದಿ ತಂದ. ಅವನು ದಿನಾ ಘಟ್ಟ ಹತ್ತಿ ಹುಬ್ಬಳ್ಳಿಗೆ ಮೀನಿನ ಗಾಡಿ ಓಡಿಸುವವನು. ಅಲ್ಲಿನ ಮೀನುಪೇಟೆಯಲ್ಲಿ ಅಂಗಡಿ ಇಟ್ಟಿದ್ದ ಕಾರವಾರದ ಮುದುಕಿ ನಾಗಿ ಊರಿಗೆ ಮರಳುತ್ತಾಳಂತೆ, ಅಂಗಡಿಯನ್ನು ನಮ್ಮ ಕಡೆಯವರಿಗೇ ಕೊಡಬೇಕೆಂದು ಅವಳ ಆಸೆಯಂತೆ. ಕಲ್ಲಿನ ಕಟ್ಟೆ, ನಲ್ಲಿ, ತಲೆಯ ಮೇಲೆ ಫ್ಯಾನು, ಹಿಂದೆ ಇರಲು ಎರಡು ಕೋಣೆ. ಮೀನು ದೇವಿದಾಸನ ಗಾಡಿಯಲ್ಲೇ ಬಾಗಿಲಿಗೆ ಬರುತ್ತದೆ, ಹೊರುವ ಕೆಲಸವೇ ಇಲ್ಲ. ಚೌತಿಯೊಳಗೆ ಹೂಂ ಅಥವಾ ಊಹೂಂ ಹೇಳಬೇಕು. ಇಷ್ಟನ್ನೂ ನಮ್ಮ ಜಗಲಿಯ ಮೇಲೆ ಕುಳಿತು ಹೇಳಿದ ಗೋದಾವರಿ ಕೊನೆಗೆ ದನಿ ತಗ್ಗಿಸಿದಳು.

"ಒಂದು ಕುರ್ಚಿನೂ ಅದೆಯಂತೆ ಅಕ್ಕೋರೆ. ಬೆನ್ನು ಕೊಟ್ಟು ಕೂರೂಕೆ ಆತದಂತೆ."

ಹುಟ್ಟಿದಾಗಿನಿಂದ ನಿಂತು, ನಡೆದು, ಇಲ್ಲವೇ ಕುಕ್ಕರುಗಾಲಲ್ಲಿ ಕೂತು ಮೀನು ಮಾರಿದವಳು ಅವಳು. ಆ ಕುರ್ಚಿಯ ಮೇಲೆ ಅವಳ ಮನಸ್ಸು ಆಗಲೇ ಕುಳಿತುಬಿಟ್ಟಿದೆ ಎಂದು ನನಗೆ ಗೊತ್ತಾಯಿತು.

ಮಾರನೆಯ ದಿನದಿಂದ ಹಾರವಾಡಕ್ಕೂ ನಮ್ಮ ಕೇರಿಗೂ ಬೇರೆ ಮಾತೇ ಇಲ್ಲ. ಹುಬ್ಬಳ್ಳಿಗೆ ಒಂದು ಸಲ ಸೀರೆ ತರಲು ಹೋಗಿಬಂದವರೂ ಅಲ್ಲಿಯೇ ಹುಟ್ಟಿ ಬೆಳೆದವರ ಹಾಗೆ ಬುದ್ಧಿ ಹೇಳತೊಡಗಿದರು. ಅಲ್ಲಿ ನಲ್ಲಿಯಿದ್ದರೂ ನೀರು ಬರುವ ದಿನವನ್ನು ಹಬ್ಬದ ಹಾಗೆ ಕಾಯಬೇಕು ಎಂದರು ಕೆಲವರು. ಬಂದ ಗಿರಾಕಿ ಇಲ್ಲಿಯವರ ಹಾಗೆ ಕಿವಿರು ಎತ್ತಿ, ಕಣ್ಣು ನೋಡಿ, ಮೂಸಿ, ಬೈದು, ಕೊನೆಗೆ ಬೇಡವೆಂದು ಹೋಗುವುದಿಲ್ಲ, ಹೇಳಿದ ದರ ಕೊಟ್ಟು ತೆಗೆದುಕೊಂಡು ಹೋಗುತ್ತಾನೆ ಎಂದರು ಇನ್ನು ಕೆಲವರು. ದೊಡ್ಡ ಆಸ್ಪತ್ರೆ ಇದೆ, ಉಪ್ಪುಗಾಳಿಗೆ ತಗಡು ತುಕ್ಕು ಹಿಡಿಯುವುದಿಲ್ಲ. ಆದರೆ ಕುಚ್ಚಲಕ್ಕಿ ಹುಡುಕಬೇಕು, ತೆಂಗಿನಕಾಯಿಯನ್ನು ಒಂದೊಂದಾಗಿ ಕೊಳ್ಳಬೇಕು, ಮತ್ತು ಎಲ್ಲಕ್ಕಿಂತ ದೊಡ್ಡ ಅವಮಾನವೆಂದರೆ ಹಾರವಾಡದ ಹೆಂಗಸು ಐಸಿನ ಮೀನು ತಿನ್ನಬೇಕು. ದೂರದ ಹುಬ್ಬಳ್ಳಿ ಯಾಕೆ, ಕಾರವಾರಕ್ಕೆ ಹೋಗಬಾರದೇ ಎಂದು ಒಬ್ಬರು ಕೇಳಿದರು. ಕಾರವಾರದಲ್ಲಿ ಕೊಳ್ಳುವವರಿಗಿಂತ ಮಾರುವವರೇ ಹೆಚ್ಚು ಎಂದು ಗೋದಾವರಿ ಅವರ ಬಾಯಿ ಮುಚ್ಚಿಸಿದಳು.

ನಾನೂ ಸುಮ್ಮನಿರಲಿಲ್ಲ. ಹುಬ್ಬಳ್ಳಿಯ ಧೂಳು, ಅಲ್ಲಿನ ಬೇಸಿಗೆ, ಭಾಷೆಯ ಗಡಸು ಎಲ್ಲವನ್ನೂ ಚೆನ್ನಾಗಿ ಒಗ್ಗರಣೆ ಹಾಕಿ ಹೇಳಿದೆ. ನನ್ನ ನೊಗಲಿಗಳ ಚಿಂತೆ ನನಗಿತ್ತು. ಆದರೆ ಅವಳು ಮಾತಿನ ನಡುವೆ ಎಡಗೈಯಿಂದ ಕುತ್ತಿಗೆ ತೀಡಿಕೊಳ್ಳುವುದನ್ನು ನೋಡಿದಾಗ ನನಗೆ ನನ್ನ ಮೇಲೆಯೇ ಸಿಟ್ಟು ಬಂದು, ಹೋಗೇ ಮಾರಾಯ್ತಿ, ಹೋಗಿ ಕುರ್ಚಿಯ ಮೇಲೆ ಕೂತುಕೋ ಎಂದುಬಿಟ್ಟೆ.

ಇಷ್ಟೆಲ್ಲ ಗದ್ದಲದಲ್ಲಿ ಬಾಯಿ ತೆರೆಯದವನು ಬೊಮ್ಮಯ್ಯ ಒಬ್ಬನೇ. ಮಳೆಗಾಲಕ್ಕೆ ದಡದ ಮೇಲೆಳೆದಿಟ್ಟ ದೋಣಿಯ ಪಕ್ಕ ಕೂತು ಬಲೆ ಕಟ್ಟುತ್ತಿದ್ದ. ಹುಬ್ಬಳ್ಳಿಯಲ್ಲಿ ಗಾಳಿ ಯಾವ ಕಡೆಯಿಂದ ಬರುತ್ತದೆ ಎಂದು ದೇವಿದಾಸನನ್ನು ಒಮ್ಮೆ ಕೇಳಿದನಂತೆ. ಫ್ಯಾನಿನಿಂದ ಬರುತ್ತದೆ ಭಾವ ಎಂದು ದೇವಿದಾಸ ನಕ್ಕನಂತೆ. ಆಮೇಲೆ ಬೊಮ್ಮಯ್ಯ ಏನನ್ನೂ ಕೇಳಲಿಲ್ಲ. ಹೆಂಡತಿಯೂ ಅವನನ್ನು ಕೇಳಲಿಲ್ಲ. ಒಂದೇ ಮನೆಯಲ್ಲಿ ಒಂದೇ ಗಂಜಿ ಉಣ್ಣುತ್ತ, ಇಡೀ ಊರು ಮಾತಾಡುವ ವಿಷಯವನ್ನು ಅವರಿಬ್ಬರು ಮಾತ್ರ ಎತ್ತದೆ ದಿನ ದೂಡಿದರು.

ಚೌತಿ ಹತ್ತಿರ ಬಂದಾಗ ಗೋದಾವರಿಯ ಸುಳಿವೇ ಇಲ್ಲವಾಯಿತು. ಕೇರಿಯವರೆಲ್ಲ ಒಣಮೀನಿಗೆ ಇಳಿದೆವು. ಭಾನುವಾರ ನಾನು ತಡೆಯಲಾರದೆ ಟೆಂಪೊ ಹತ್ತಿ ಹಾರವಾಡಕ್ಕೆ ಹೋದೆ.

ಅವರ ಮನೆಯ ಬಾಗಿಲಲ್ಲಿ ಕಂಡದ್ದನ್ನು ನಂಬಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಬೊಮ್ಮಯ್ಯ ಗೋಣಿಚೀಲಕ್ಕೆ ಪಾತ್ರೆ ತುಂಬುತ್ತಿದ್ದ, ಗೋದಾವರಿ ಆ ಕಡೆಯಿಂದ ಒಂದೊಂದಾಗಿ ತೆಗೆದು ಕಪಾಟಿಗೆ ಇಡುತ್ತಿದ್ದಳು. ಹೋಗಲೇಬೇಕು ಎಂದು ಹಟ ಹಿಡಿದವನು ದೋಣಿ ಬಿಟ್ಟು ಇರಲಾರದ ಗಂಡ, ಹೋಗುವುದೇ ಇಲ್ಲ ಎಂದು ಹಟ ಹಿಡಿದವಳು ಕುರ್ಚಿಯ ಕನಸು ಕಂಡ ಹೆಂಡತಿ. ಇಬ್ಬರ ಮುಖವೂ ಭೇದಿ ಮಾತ್ರೆ ನುಂಗಿದವರ ಹಾಗಿತ್ತು.

ನಾನು ಪಾಠ ಒಪ್ಪಿಸಿಕೊಳ್ಳುವ ದನಿಯಲ್ಲಿ ಕೇಳಿದ್ದಕ್ಕೆ ಹೊರಬಿತ್ತು. ಇಬ್ಬರೂ ಒಬ್ಬರಿಗೊಬ್ಬರು ತಿಳಿಯದಂತೆ ಊರಮ್ಮನ ಗುಡಿಗೆ ಹೋಗಿ ಪ್ರಸಾದ ಕೇಳಿಕೊಂಡು ಬಂದಿದ್ದರು. ನಮ್ಮ ಕಡೆ ಮದುವೆಯಿರಲಿ, ಮನೆಯಿರಲಿ, ಹೊಸ ದೋಣಿಯಿರಲಿ, ಮನಸ್ಸು ತೂಗಾಡಿದಾಗ ಮಾಡುವುದು ಇದನ್ನೇ. ಮೂರ್ತಿಯ ಎಡಕ್ಕೂ ಬಲಕ್ಕೂ ಹೂವಿನ ಎಸಳನ್ನು ನೀರಿನಿಂದ ಅಂಟಿಸುತ್ತಾರೆ. ಪೂಜೆ ಮಾಡುವ ಗುನಗ ನಮ್ಮ ಕೋರಿಕೆಯನ್ನು ದೇವಿಗೆ ಕೇಳುವಂತೆ ಹೇಳುತ್ತಾನೆ. ಬಲಗಡೆಯ ಎಸಳು ಮೊದಲು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು.

ಹೆಂಡತಿಗೆ ಹೋಗುವ ಮನಸ್ಸಿದೆ, ತನ್ನ ಮುಖ ನೋಡಿ ಬಾಯಿಬಿಡುತ್ತಿಲ್ಲ ಎಂದು ಬೊಮ್ಮಯ್ಯನಿಗೆ ಗೊತ್ತಿತ್ತು. ಅವನು ಹೋಗಿ, ಹುಬ್ಬಳ್ಳಿಗೆ ಹೋಗುತ್ತೇವೆ, ಆದೀತೇ ತಾಯಿ ಎಂದು ಕೇಳಿದ. ಬಲಗಡೆಯ ಎಸಳು ಬಿತ್ತು. ಸಮುದ್ರ ಬಿಟ್ಟರೆ ಗಂಡ ಬದುಕುವುದಿಲ್ಲ, ತನಗಾಗಿ ಸುಮ್ಮನಿದ್ದಾನೆ ಎಂದು ಗೋದಾವರಿಗೆ ಗೊತ್ತಿತ್ತು. ಅವಳು ಹೋಗಿ, ಇಲ್ಲಿಯೇ ಇರುತ್ತೇವೆ, ಆದೀತೇ ತಾಯಿ ಎಂದು ಕೇಳಿದಳು. ಅವಳಿಗೂ ಬಲಗಡೆಯದೇ ಬಿತ್ತು. ಈಗ ಇಬ್ಬರ ಕೈಯಲ್ಲೂ ದೇವಿಯ ಅಪ್ಪಣೆ. ತಮಗೆ ಬೇಡವಾದದ್ದನ್ನು ತಾವೇ ಕೇಳಿ ತಂದು, ಅದನ್ನು ಬಿಡಲು ಹೆದರಿ ಜಗಳಾಡುತ್ತಿದ್ದರು.

ನಗು ಬಂದರೂ ನುಂಗಿಕೊಂಡು ಇಬ್ಬರನ್ನೂ ಗುಡಿಗೆ ಹೊರಡಿಸಿದೆ. ಗುನಗ ಮಾಬ್ಲೇಶ್ವರ ಅಂಗಳ ಗುಡಿಸುತ್ತಿದ್ದ. ನಮ್ಮನ್ನು ಕಂಡದ್ದೇ ಪೊರಕೆ ಕೆಳಗಿಟ್ಟ. ಈ ದಿನ ಬಂದೇ ಬರುತ್ತದೆ ಎಂದು ಕಾಯುತ್ತಿದ್ದೆ, ಒಬ್ಬರು ಕೇಳಿದ್ದನ್ನು ಇನ್ನೊಬ್ಬರಿಗೆ ಹೇಳುವ ಹಾಗಿಲ್ಲವಲ್ಲ, ನನಗೆ ಊಟ ಸೇರುತ್ತಿಲ್ಲ ಎಂದ. ಅಮ್ಮ ಇಬ್ಬರಿಗೂ ಹೂಂ ಎಂದರೆ ಯಾರು ಸರಿ, ಇನ್ನೊಂದು ಸಲ ಎಸಳು ಹಚ್ಚು ಎಂದು ಬೊಮ್ಮಯ್ಯ ಹಟ ಮಾಡಿದ. ಗುನಗ ಒಪ್ಪಲಿಲ್ಲ.

"ಕೇಳಿದ್ದಕ್ಕೆ ಅಮ್ಮ ಹೂಂ ಅಂದಾಯ್ತು. ನಿಮಗೆ ಬೇಕಾದ್ದನ್ನ ನೀವಿಬ್ರೂ ಕೇಳ್ಳೇ ಇಲ್ಲ. ಮೊದ್ಲು ಅದನ್ನ ಇಲ್ಲಿ ನಿಂತು ಹೇಳಿ. ನಂಗಲ್ಲ, ಒಬ್ರಿಗೊಬ್ರು."

ಮಳೆ ಬಿಟ್ಟಿತ್ತು, ಗಾಳಿಮರಗಳ ಆಚೆ ಸಮುದ್ರ ಸದ್ದು ಮಾಡುತ್ತಿತ್ತು. ಗೋದಾವರಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಕೊನೆಗೆ ಗಂಡನ ಕಡೆ ನೋಡದೆಯೇ ಹೇಳಿದಳು.

"ನಂಗೆ ಹೋಗೂಕೆ ಮನಸ್ಸದೆ. ಕುತ್ತಿಗೆ ನೋವಿಗೆ ಅಲ್ಲ. ನಂದು ಅಂತ ಒಂದು ಅಂಗಡಿಲಿ ಕೂತು ಮೀನು ಮಾರಬೇಕು, ಗಿರಾಕಿ ನನ್ನ ಹುಡ್ಕೊಂಡು ಬರಬೇಕು. ಒಂದಿನವಾದ್ರೂ."

ಬೊಮ್ಮಯ್ಯ ತಲೆ ಕೆರೆದುಕೊಂಡ. ಅವನು ಅಷ್ಟುದ್ದ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ನಂಗೆ ಅಲ್ಲಿ ಆಗೂದಿಲ್ಲ ಗೋದಾವರಿ. ನೀರು ಕಾಣದಿದ್ರೆ ನಂಗೆ ಬೆಳಗಾದದ್ದೇ ತಿಳೂದಿಲ್ಲ. ಅಮ್ಮ ಎರಡೂ ಕೊಟ್ಟಾಳೆ. ನೀ ಹೋಗು, ನಾ ಇರ್ತೆ. ಹಿಡ್ದ ಮೀನು ನಿಂಗೇ ಕಳಿಸ್ತೆ."

ಗೋದಾವರಿಗೆ ಸಿಟ್ಟು ಬಂತು. ಗಂಜಿ ಬೇಯಿಸಿ ಹಾಕುವವರು ಯಾರು, ಊರವರು ಏನೆಂದಾರು, ಗಂಡ ಒಂದು ಕಡೆ ಹೆಂಡತಿ ಒಂದು ಕಡೆ ಎಂದರೆ ಅದು ಎಂಥ ಸಂಸಾರ ಎಂದು ಒಂದೇ ಉಸಿರಿಗೆ ಕೇಳಿದಳು. ಬೆಳಂಬಾರಕ್ಕೆ ಕೊಟ್ಟ ಮಗಳು ಪೂರ್ಣಿಮಾ ಹತ್ತಿರವೇ ಇದ್ದಾಳೆ, ಗಂಜಿ ತನಗೂ ಬೇಯಿಸಲು ಬರುತ್ತದೆ, ಮಳೆಗಾಲಕ್ಕೆ ದೋಣಿ ಮೇಲೆಳೆದ ಮೇಲೆ ಹೇಗೂ ಹುಬ್ಬಳ್ಳಿಗೆ ಬಂದು ಫ್ಯಾನಿನ ಕೆಳಗೆ ಬಿದ್ದುಕೊಳ್ಳುತ್ತೇನೆ ಎಂದು ಅವನು ಒಂದೊಂದಕ್ಕೂ ಉತ್ತರ ಕೊಟ್ಟ. ಎಲ್ಲವನ್ನೂ ಯೋಚಿಸಿಟ್ಟುಕೊಂಡಿದ್ದ ಹಾಗಿತ್ತು. ಗೋದಾವರಿ ಅತ್ತಳು. ಬೇಡವೆಂದು ಮಾತ್ರ ಹೇಳಲಿಲ್ಲ.

ಚೌತಿ ಮುಗಿದ ವಾರ ಅವಳು ಹೋದಳು. ಊರವರು ಒಂದಷ್ಟು ದಿನ ಆಡಿಕೊಂಡರು, ಆಮೇಲೆ ಸಾಕಾಗಿ ಬಿಟ್ಟರು. ನಮ್ಮ ಕೇರಿಗೆ ಈಗ ಮೋಟರ್ ಸೈಕಲ್ಲಿನಲ್ಲಿ ಪೆಟ್ಟಿಗೆ ಕಟ್ಟಿಕೊಂಡು ಒಬ್ಬ ಬರುತ್ತಾನೆ. ಹಾರ್ನ್ ಬಾರಿಸುತ್ತಾನೆ. ಅವನಿಗೆ ಯಾರ ಕೈಯೂ ಬೇಡ, ಅದಕ್ಕೇ ನನಗೆ ಮೊದಲ ಆಯ್ಕೆಯೂ ಇಲ್ಲ. ನಾನು ಈಗ ಪ್ರಾರ್ಥನೆಗೆ ಸರಿಯಾಗಿ ಶಾಲೆ ಸೇರುತ್ತೇನೆ, ಅದರಿಂದ ನನಗೇನೂ ಖುಷಿಯಾಗಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಮದುವೆಗೆಂದು ಹುಬ್ಬಳ್ಳಿಗೆ ಹೋದವಳು, ಬೆಳಿಗ್ಗೆ ಬಸ್ಸಿಳಿದು ನೇರ ಮೀನುಪೇಟೆಗೆ ನಡೆದೆ. ಗೋದಾವರಿ ಕುರ್ಚಿಯ ಮೇಲೆ ಕೂತಿದ್ದಳು. ಬೆನ್ನು ಪೂರಾ ಒರಗಿಸಿ, ನಮ್ಮ ಹೆಡ್‌ಮಾಸ್ತರರೂ ಕೂರದಂಥ ಠೀವಿಯಲ್ಲಿ ಕೂತು, ಬಂಗಡೆಯಲ್ಲಿ ಮುಳ್ಳು ಯಾಕಿದೆ ಎಂದು ಕೇಳಿದ ಗಿರಾಕಿಯೊಬ್ಬನನ್ನು ತರಾಟೆಗೆ ತೆಗೆದುಕೊಂಡಿದ್ದಳು. ಮೈ ತುಂಬಿಕೊಂಡಿತ್ತು, ಕುತ್ತಿಗೆ ಎರಡೂ ಕಡೆ ತಿರುಗುತ್ತಿತ್ತು. ನನ್ನನ್ನು ಕಂಡದ್ದೇ ಎದ್ದು ಕುರ್ಚಿಯನ್ನು ಸೆರಗಿನಿಂದ ಒರೆಸಿ ನನಗೆ ಕೊಟ್ಟಳು. ಕೂತೆ. ಒಳ್ಳೆಯ ಕುರ್ಚಿಯೇ.

ಅಷ್ಟರಲ್ಲಿ ದೇವಿದಾಸನ ಗಾಡಿ ಬಂತು. ಐಸಿನ ಪೆಟ್ಟಿಗೆಗಳನ್ನು ಇಳಿಸಿ ಕಟ್ಟೆಯ ಮೇಲೆ ಸಾಲಾಗಿಟ್ಟರು. ಗೋದಾವರಿ ಕತ್ತಿ ತೆಗೆದುಕೊಂಡು ಹಗ್ಗಗಳನ್ನು ಒಂದೇ ಏಟಿಗೆ ಕೊಯ್ಯುತ್ತ ಬಂದಳು. ಕೊನೆಯ ಪೆಟ್ಟಿಗೆ ಚಿಕ್ಕದು, ಬಲೆಯ ದಾರದಿಂದ ಬಿಗಿದದ್ದು. ಅದರ ಗಂಟು ನನಗೆ ದೂರದಿಂದಲೇ ಗುರುತು ಸಿಕ್ಕಿತು. ಆ ಗಂಟಿನಿಂದ ನಾನು ಅನುಭವಿಸಿದ್ದು ಅಷ್ಟಿಷ್ಟಲ್ಲ.

ಅವಳು ಕತ್ತಿಯನ್ನು ಕೆಳಗಿಟ್ಟಳು. ಕೈ ಒರೆಸಿಕೊಂಡು, ಪೆಟ್ಟಿಗೆಯ ಮುಂದೆ ಬಗ್ಗಿ, ಉಗುರಿನಿಂದ ಕೆದಕತೊಡಗಿದಳು. ಈ ಮನುಷ್ಯನಿಗೆ ಬುದ್ಧಿ ಬರುವುದೇ ಇಲ್ಲ ಎಂದು ಬೈದಳು. ಕತ್ತಿ ಇದೆಯಲ್ಲೇ ಎಂದು ಹೇಳಲು ಹೊರಟ ನಾನು ಅವಳ ಮುಖ ನೋಡಿ ಕತ್ತಿಯನ್ನೇ ಆಚೆ ಸರಿಸಿದೆ. ದಾರಕ್ಕೆ ಬಾಯಿ ಹಾಕಿ ಹಲ್ಲಿನಿಂದ ಎಳೆದಳು. ಹೊತ್ತಾಯಿತು ಎಂದು ಒಬ್ಬ ಗಿರಾಕಿ ಗೊಣಗಿದ. ಅವಳು ತಲೆಯೆತ್ತಲಿಲ್ಲ.

ಗಿರಾಕಿಗಳು ಕಾದರು. ನಾನೂ ಕಾದೆ.